‘ಖಾಲಿ’ ಎಂದು ಎಸೆದ ಸ್ಪ್ರೇ ಡಬ್ಬಿಗಳು

ಲೊಟ, ಲೊಟ, ಲೊಟ.

ತುಮಕೂರಿನ ಒಣ ಕಸದ ಶೆಡ್ಡನ್ನು ನೆನೆದರೆ ನನಗೆ ಮೊದಲು ಕೇಳುವುದು ಈ ಸದ್ದು. ವಿಂಗಡಣೆಯ ಮೇಜಿನ ಸುತ್ತ ನಿಂತ ಹೆಂಗಸರು ಸ್ಪ್ರೇ ಡಬ್ಬಿಗಳನ್ನು ಒಂದೊಂದಾಗಿ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಿದ್ದರು. ನಮ್ಮ ಸೀಮೆಯಲ್ಲಿ ಕೊಬ್ಬರಿ ನೋಡುವುದು ಹೀಗೆಯೇ. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟ ಕಾಯಿಯನ್ನು ಇಳಿಸಿ, ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ. ಗುಳಕ್ ಎಂದರೆ ಒಳಗೆ ಇನ್ನೂ ನೀರಿದೆ, ವಾಪಸ್ ಅಟ್ಟಕ್ಕೆ. ಲೊಟ ಎಂದರೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆ, ಒಡೆಯಬಹುದು. ಹುಟ್ಟಿದಾರಭ್ಯ ಕೇಳಿದ ಸದ್ದು, ಕಿವಿಗೆ ಅನುಮಾನವೇ ಇಲ್ಲ. ಅದೇ ಕಿವಿಯನ್ನು ಅವರು ಡಿಯೋಡ್ರೆಂಟ್ ಡಬ್ಬಿಗೂ ಕೊಟ್ಟರು. “ಇದು ಆಗೈತೆ, ಈ ಕಡೀಕೆ.” “ಇದು ಇನ್ನೂ ಹಸಿ ಕಣಕ್ಕ, ಅಲ್ಲಿಡು.”

ಕಾನ್ವೆಂಟಿನಲ್ಲಿ ಸೈನ್ಸ್ ಹೇಳಿಕೊಟ್ಟು ರಿಟೈರ್ ಆದ ನನ್ನನ್ನು ಆ ಶೆಡ್ಡಿನ ಮೇಲ್ವಿಚಾರಣೆಗೆ ಕರೆದದ್ದು ಹೆಂಗಸರ ಸಂಘದವರು. ಶೆಡ್ಡು ಇದ್ದದ್ದು ಕ್ಯಾತ್ಸಂದ್ರದ ಕಡೆ, ಹೈವೇಯಿಂದ ಸ್ವಲ್ಪ ಒಳಗೆ. ಸಂಘದ ಹೆಂಗಸರು ಕಸ ವಿಂಗಡಿಸಬೇಕು. ಗಾಡಿ, ಜಾಗ, ಮಾರಾಟ ಎಲ್ಲ ಒಂದು ಕಾಂಟ್ರ್ಯಾಕ್ಟ್ ಕಂಪನಿಯದು. ಕಂಪನಿಗೆ ಇಂಗ್ಲಿಷಿನಲ್ಲಿ ರಿಪೋರ್ಟ್ ಬೇಕಿತ್ತು, ಸಂಘಕ್ಕೆ ಅದನ್ನು ಬರೆಯುವ ಒಂದು ಮುದುಕಿ ಬೇಕಿತ್ತು. ಸರಿ, ಹೋದೆ.

ಮನೆಮನೆಯಿಂದ ಬರುವ ಒಣ ಕಸದಲ್ಲಿ ಈ ಡಬ್ಬಿಗಳು ಇಷ್ಟಿರುತ್ತವೆಂದು ನನಗೆ ಗೊತ್ತಿರಲಿಲ್ಲ. ಜಿರಲೆ ಸ್ಪ್ರೇ, ರೂಮ್ ಫ್ರೆಶ್ನರ್, ಶೇವಿಂಗ್ ಫೋಮ್, ಹುಟ್ಟುಹಬ್ಬದಲ್ಲಿ ಮುಖಕ್ಕೆ ಎರಚುವ ನೊರೆ, ಗೇಟಿಗೆ ಹೊಡೆಯುವ ಬಣ್ಣ. ಅಯಸ್ಕಾಂತಕ್ಕೆ ಅಂಟಿದ್ದು ತಗಡು, ಅಂಟದ್ದು ಅಲ್ಯುಮಿನಿಯಂ. ಎರಡಕ್ಕೂ ಗುಜರಿಯಲ್ಲಿ ಬೆಲೆಯಿದೆ, ಕರಗಿಸಿದರೆ ಮತ್ತೆ ಹೊಸ ತಗಡು. ಎಸೆಯುವ ವಸ್ತುವೇ ಅಲ್ಲ. ಆದರೆ ಒಳಗೆ ತುಂಬಿರುವುದು ಹೆಚ್ಚುಕಮ್ಮಿ ನಮ್ಮ ಅಡುಗೆ ಸಿಲಿಂಡರಿನ ಗ್ಯಾಸೇ. ಸಿಲಿಂಡರಿನ ಗ್ಯಾಸಿಗೆ, ಸೋರಿದರೆ ಗೊತ್ತಾಗಲಿ ಎಂದು ದುರ್ವಾಸನೆ ಬೆರೆಸಿರುತ್ತಾರೆ. ಸ್ಪ್ರೇ ಡಬ್ಬಿಯ ಗ್ಯಾಸಿಗೆ ಆ ವಾಸನೆಯೂ ಇಲ್ಲ. ಮಲ್ಲಿಗೆ ಸೆಂಟಿನ ಜೊತೆ ಸಿಲಿಂಡರ್ ವಾಸನೆ ಬಂದರೆ ಯಾರು ಕೊಳ್ಳುತ್ತಾರೆ, ಹೇಳಿ!

ಡಬ್ಬಿಯ ಬೆನ್ನ ಮೇಲೆ ಇದೆಲ್ಲ ಬರೆದಿರುತ್ತದೆ. ಖಾಲಿಯಾದ ಮೇಲೂ ತೂತು ಮಾಡಬೇಡಿ, ಸುಡಬೇಡಿ ಎಂದು. ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ನನಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಒಬ್ಬರು, ಪುಟದ ತಳದಲ್ಲಿ ಚಿಕ್ಕದಾಗಿ ಬರೆದದ್ದನ್ನೇ ಮೊದಲು ಓದು ಮಗೂ ಎನ್ನುತ್ತಿದ್ದರು. ಆ ಭಾಷೆಯನ್ನು ನಾನು ಎಷ್ಟು ಪ್ರೀತಿಯಿಂದ ಕಲಿತೆ. ಈಗಲೂ ಸಂಜೆ ಹೊತ್ತು ಆ ಕ್ಲಾಸ್‌ರೂಮಿನ ಬೆಂಚು, ಚಾಕ್‌ಪೀಸಿನ ಪುಡಿ ನೆನಪಾಗಿ ಮನಸ್ಸು ಒಂದು ಥರ ಆಗುತ್ತದೆ. ಅದೇ ಭಾಷೆ ಇಲ್ಲಿ ಯಾರ ಕೈ ಉಳಿಯಬೇಕೋ ಅವರಿಗೆ ಮಾತ್ರ ತಿಳಿಯದ ಹಾಗೆ ಅಚ್ಚಾಗಿತ್ತು. ಓದಬಲ್ಲವರು ಓದದೆ ಎಸೆಯುತ್ತಾರೆ, ಓದಲಾರದವರು ಎತ್ತಿಕೊಳ್ಳುತ್ತಾರೆ. ಡಿಸ್‌ಗ್ರೇಸ್‌ಫುಲ್.

ನಮ್ಮ ಡಬ್ಬಿಗಳನ್ನು ಕೊಳ್ಳುತ್ತಿದ್ದದ್ದು ಗುಬ್ಬಿಯ ಒಬ್ಬ ಗುಜರಿ ವ್ಯಾಪಾರಿ. ಮಾತು ಬಹಳ ಮೃದು, ಷರತ್ತು ಒಂದೇ.

“ತೂತು ಹೊಡ್ದು ಕೊಡಿ ಮೇಡಂ. ಫ್ಯಾಕ್ಟ್ರೀಲಿ ಒಂದು ಡಬ್ಬ ಪ್ರೆಸ್ಸಿಂಗ್‌ನಲ್ಲಿ ಢಂ ಅಂತಂತೆ. ತೂತಿಲ್ದಿದ್ರೆ ಲಾರಿನೇ ವಾಪಸ್ ಕಳುಸ್ತಾರೆ.”

“ತೂತು ಹೊಡೆಯೋವಾಗ ನಮ್ಮಲ್ಲಿ ಢಂ ಅಂದರೆ?”

“ಖಾಲಿ ಡಬ್ಬ ಅಲ್ವಾ ಮೇಡಂ?”

ಈ ‘ಖಾಲಿ’ ಎಂಬ ಮಾತನ್ನು ಆ ವರ್ಷ ನಾನು ಎಷ್ಟು ಬಾಯಲ್ಲಿ ಕೇಳಿದೆನೋ. ಮನೆಯವರು ಖಾಲಿ ಎಂದರು, ಗಾಡಿಯವನು ಖಾಲಿ ಎಂದ, ವ್ಯಾಪಾರಿ ಖಾಲಿ ಎಂದ. ಕೊನೆಗೆ ಮೊಳೆ, ಸುತ್ತಿಗೆ ಹಿಡಿದು ಕೂತವಳು ಮಾತ್ರ ಅದು ಹೌದೋ ಅಲ್ಲವೋ ನೋಡಬೇಕು. ನಾನು ಸೇರುವ ಮೊದಲಿನಿಂದಲೂ ಮೊಳೆ ಹೊಡೆಯುವುದು ನಡೆದಿತ್ತು. ಆ ಕೆಲಸ ಕೊತ್ತಗೆರೆ ಕಡೆಯ ಒಬ್ಬ ಹೆಂಗಸಿನದು. ತುಮಕೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಳು. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕಂಪನಿ ಕೊಟ್ಟ ಹಸಿರು ಕೋಟನ್ನು ದಿನಾ ಇಸ್ತ್ರಿ ಮಾಡಿ ಹಾಕಿಕೊಂಡು ಬರುತ್ತಿದ್ದಳು. “ಕಸಕ್ಕೆ ಬರಕ್ಕೆ ಇಸ್ತ್ರಿ ಯಾಕೇ?” ಎಂದು ಉಳಿದವರು ರೇಗಿಸಿದರೆ, “ಹೆಸ್ರು ಕೂಗಿ ಕೊಟ್ಟಿರೋ ಕೋಟು ಕಣೇ. ತೋಟದ ಕೂಲೀಲಿ ಯಾವನು ನನ್ನ ಹೆಸ್ರು ಕೂಗಿದ್ದ?” ಎನ್ನುತ್ತಿದ್ದಳು.

ನಾನು ಮೊಳೆ ನಿಲ್ಲಿಸಿದೆ. ಸದ್ದು ಹೇಳುವುದು ಒಳಗಿನ ದ್ರವವನ್ನು, ಗ್ಯಾಸನ್ನಲ್ಲ ಎಂದು ವಿವರಿಸಿದೆ. ಅಂಗಳದಲ್ಲಿ ಬಕೆಟ್ಟಿನಲ್ಲಿ ನೀರಿಟ್ಟು ಹೊಸ ಕ್ರಮ ಹೇಳಿಕೊಟ್ಟೆ. ಮೊದಲು ಬಯಲಿನಲ್ಲಿ ಡಬ್ಬಿಯನ್ನು ತಲೆಕೆಳಗು ಹಿಡಿದು ಬಟನ್ ಒತ್ತುವುದು. ಒಳಗಿನ ಕೊಳವೆಯ ತುದಿ ಆಗ ಮೇಲೆ ಇರುವುದರಿಂದ ಔಷಧಿ ಹೆಚ್ಚು ಬರುವುದಿಲ್ಲ, ಗ್ಯಾಸ್ ಮಾತ್ರ ಹೋಗುತ್ತದೆ. ಸುಯ್ ಎನ್ನುವುದು ನಿಂತ ಮೇಲೆ ನೀರೊಳಗೆ ಮುಳುಗಿಸಿ ಮತ್ತೆ ಒತ್ತುವುದು. ಗುಳ್ಳೆ ಬಂದರೆ ಇನ್ನೂ ಇದೆ, ಬಾರದಿದ್ದರೆ ತೂತಿಲ್ಲದೆ ಚೀಲಕ್ಕೆ. ಬಟನ್ ಕಟ್ಟಿಕೊಂಡು ಒತ್ತಲಾಗದ ಡಬ್ಬಿಗೆ ಏನೂ ಮಾಡದೆ, ನೆರಳಿನಲ್ಲಿದ್ದ ತಂತಿ ಪಂಜರಕ್ಕೆ ಹಾಕುವುದು.

“ಮಕ್ಳಿಗೆ ಸ್ನಾನ ಮಾಡ್ಸಿದಂಗೆ ಆಯ್ತಲ್ಲ ಟೀಚರಮ್ಮ,” ಎಂದು ಆಕೆ ನಕ್ಕಳು. ಆದರೆ ಮಾಡಿದಳು.

ತೂತಿಲ್ಲದ ಡಬ್ಬಿಯನ್ನು ಗುಬ್ಬಿಯವನು ಎತ್ತಲಿಲ್ಲ. ಪಂಜರ ತುಂಬಿತು, ಚೀಲಗಳು ತುಂಬಿದವು, ರಾಶಿ ಗೋಡೆಯವರೆಗೆ ಬಂತು. ಕಂಪನಿಯ ಕೋಆರ್ಡಿನೇಟರ್, ಎಂಜಿನಿಯರಿಂಗ್ ಓದಿದ ಯುವಕ, ದಿನಾ ಫೋನ್ ಮಾಡುತ್ತಿದ್ದ. “ಮೇಡಂ, ಪಾಲಿಕೆಯವರು ವಿಸಿಟ್‌ಗೆ ಬರ್ತಾರೆ. ಆ ರಾಶಿ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ.” ಅವನಿಗೆ ಡಬ್ಬಿಯೊಳಗಿನ ಗ್ಯಾಸಿಗಿಂತ ಫೋಟೋ ಹೆಚ್ಚು ಅಪಾಯಕಾರಿ.

ಕುಣಿಗಲ್ಲಿನಲ್ಲಿ ಒಬ್ಬ ವ್ಯಾಪಾರಿ ತೂತಿಲ್ಲದೆಯೂ ತಗೊಳ್ಳುತ್ತಾನೆ ಎಂದು ಯಾರೋ ಹೇಳಿದರು. ಅವನು ಏನು ಮಾಡುತ್ತಾನೆಂದು ಕಣ್ಣಾರೆ ನೋಡಿಯೇ ಕೊಡಬೇಕೆಂದು ನಾನು ಬಸ್ ಹತ್ತಿ ಹೋದೆ. ಊರಾಚೆ, ರಾಗಿ ಹೊಲವೊಂದರ ಬದುವಿನ ಪಕ್ಕ ಅವನ ಜಾಗ. ಕೇಳುವ ಕೆಲಸವೇ ಬರಲಿಲ್ಲ. ಗುಂಡಿಯಲ್ಲಿ ಟೈರು ಉರಿಯುತ್ತಿತ್ತು, ಅದರೊಳಕ್ಕೆ ಡಬ್ಬಿಗಳನ್ನು ಎಸೆದು ಆಳುಗಳು ದೂರ ಓಡುತ್ತಿದ್ದರು. ಢಬ್, ಢಬ್. ಕಾಗೆಗಳು ಎದ್ದವು. ಬೆಂಕಿ ಆರಿದ ಮೇಲೆ ಸುಟ್ಟ ತಗಡು ಆರಿಸಿಕೊಳ್ಳುವುದು.

“ದೀಪಾವಳಿ ಮೇಡಂ, ದಿನಾ ದೀಪಾವಳಿ,” ಎಂದ ವ್ಯಾಪಾರಿ, ನಗುತ್ತಾ.

“ಯಾರ ಕಣ್ಣಿಗಾದರೂ ಸಿಡಿದರೆ?”

“ಓಡಕ್ಕೆ ಬರ್ದೇ ಇರೋನ್ನ ನಾವು ಕೆಲ್ಸಕ್ಕೆ ಇಟ್ಕೊಳಲ್ಲ.”

ಇದಕ್ಕೂ ರೀಸೈಕ್ಲಿಂಗ್ ಎಂದೇ ಹೆಸರು. ಇವನಿಗೆ ಒಂದು ಡಬ್ಬಿಯನ್ನೂ ಕೊಡುವುದಿಲ್ಲ ಎಂದುಕೊಂಡು ಹೊರಟೆ. ವಾಪಸ್ ಬಸ್ಸಿನಲ್ಲಿ ಕಿಟಕಿಗೆ ತಲೆ ಇಟ್ಟು ಕೂತಿದ್ದಾಗಲೇ ಶೆಡ್ಡಿನಿಂದ ಫೋನ್ ಬಂತು. ಮಾತಾಡಿದವಳು ಅಳುತ್ತಿದ್ದಳು. “ಟೀಚರಮ್ಮ, ಬೆಂಕಿ ಹತ್ಕೊಂಬುಡ್ತು.”

ನಡೆದದ್ದು ಹೀಗೆ. ನಾನು ಹೊರಟ ಮೇಲೆ ಕೋಆರ್ಡಿನೇಟರ್ ಶೆಡ್ಡಿಗೆ ಫೋನ್ ಮಾಡಿದ್ದ. ವಿಸಿಟ್ ನಾಳೆಗೇ ಬಂದಿದೆ, ಗುಬ್ಬಿ ಲಾರಿ ಸಂಜೆ ಬರುತ್ತದೆ, ಅಷ್ಟರೊಳಗೆ ಎಲ್ಲಕ್ಕೂ ಮೊಳೆ ಹೊಡೆದು ಮುಗಿಸಿ, ಮೇಡಂಗೆ ನಾನು ಹೇಳಿಕೊಳ್ಳುತ್ತೇನೆ ಎಂದ. ಬಕೆಟ್ಟಿನ ಕ್ರಮಕ್ಕೆ ಹೊತ್ತು ಹಿಡಿಯುತ್ತದೆ. ಹೆಂಗಸರು ಮತ್ತೆ ಕಿವಿಗೆ ಹಿಡಿದರು. ಆಷಾಢದ ಗಾಳಿ, ಪ್ಲಾಸ್ಟಿಕ್ ಕವರುಗಳೆಲ್ಲ ಹಾರಿ ಹೈವೇ ಕಡೆ ಹೋಗುತ್ತವೆಂದು ಶಟರ್ ಮುಕ್ಕಾಲು ಇಳಿಸಿದ್ದರು. ಆಕೆ ನೆಲದ ಮೇಲೆ ಕೂತು ಒಂದಾದ ಮೇಲೊಂದು ಮೊಳೆ ಹೊಡೆದಳು. ಪಂಜರದ ಡಬ್ಬಿಗಳೂ ಬಂದವು. ಅವುಗಳಲ್ಲಿ ಗೇಟಿಗೆ ಹೊಡೆಯುವ ಬಣ್ಣದ ಡಬ್ಬಿಯೊಂದು. ಬಣ್ಣ ಒಣಗಿ ಬಟನ್ ಕಟ್ಟಿಕೊಂಡಿತ್ತು, ಒತ್ತಿದರೆ ಏನೂ ಬರಲಿಲ್ಲ. ಬಣ್ಣ ಕಲಕಲೆಂದು ಆ ಡಬ್ಬಿಯೊಳಗೆ ಒಂದು ಗೋಲಿ ಬಿಟ್ಟಿರುತ್ತಾರೆ. ಅಲ್ಲಾಡಿಸಿದರೆ ಅದು ಎಂಥ ಸದ್ದು ಮಾಡುತ್ತದೆ ಗೊತ್ತೇ? ಚಿಪ್ಪು ಬಿಟ್ಟ ಕೊಬ್ಬರಿಯ ಸದ್ದು. ಅಚ್ಚು ಅದೇ ಲೊಟ.

ಮೊಳೆ ಇಳಿಯಿತು. ಗ್ಯಾಸ್ ಗಾಳಿಗಿಂತ ಭಾರ. ಮೇಲೇಳದೆ ನೆಲ ಹಿಡಿದು ಹರಿಯುತ್ತದೆ. ವಾಸನೆ ಇಲ್ಲದ್ದರಿಂದ ಯಾರ ಮೂಗಿಗೂ ಹತ್ತಲಿಲ್ಲ. ಶೆಡ್ಡಿನ ಆ ತುದಿಯಲ್ಲಿ ದಿನದಂತೆ ಟೀಗೆ ಸ್ಟವ್ ಹಚ್ಚಿದ್ದರು. ಬೆಂಕಿ ನೆಲದ ಮೇಲೆ ಹಾವಿನ ಹಾಗೆ ಓಡಿ ಬಂತು ಎಂದು ನೋಡಿದವರು ಹೇಳಿದರು. ಉಳಿದವರು ನಿಂತಿದ್ದರು, ಕಾಲಿನ ಹತ್ತಿರ ಸೀರೆ ಸುಟ್ಟಿತು, ಅಷ್ಟೆ. ಆಕೆ ಕೂತಿದ್ದಳು.

ಆಸ್ಪತ್ರೆಯಲ್ಲಿ ನೋಡಿದಾಗ ಎರಡು ಕೈಗಳಿಗೂ ಮೊಳಕೈವರೆಗೆ ಬ್ಯಾಂಡೇಜು. ಹುಬ್ಬು ಇರಲಿಲ್ಲ, ಕಣ್ಣು ಉಳಿದಿತ್ತು. ನನ್ನನ್ನು ಕಂಡೊಡನೆ ಕೇಳಿದ್ದು ಕೈಯ ಬಗ್ಗೆ ಅಲ್ಲ.

“ಅಲ್ಲಾಡ್ಸಿ ನೋಡಿದ್ದೆ ಟೀಚರಮ್ಮ. ಆಗಿತ್ತು. ಸುಳ್ಳು ಹೇಳ್ತಿಲ್ಲ.”

“ಗೊತ್ತಮ್ಮ.”

“ಸಾರು ಬಂದಿದ್ರು. ನೀನು ಸರ್ಯಾಗಿ ನೋಡ್ನಿಲ್ಲ, ನಿಂದೇ ತಪ್ಪು ಅಂದ್ರು. ನನ್ನ ತೆಗ್ದಾಕ್ಬುಡ್ತಾರಾ?”

ಕೋಆರ್ಡಿನೇಟರ್ ಸುಟ್ಟ ಕೈಯವಳ ಮಂಚದ ಪಕ್ಕ ನಿಂತು, ಸೇಬು ತಂದುಕೊಟ್ಟು, ನಿಂದೇ ತಪ್ಪು ಎಂದು ಹೇಳಿ ಹೋಗಿದ್ದ. ಸೇಬು ಅಲ್ಲೇ ಇತ್ತು. ಅವಳಿಂದ ಹಿಡಿದುಕೊಳ್ಳಲು ಆಗುತ್ತಿರಲಿಲ್ಲ.

“ಇಲ್ಲ,” ಎಂದೆ. ಹೇಗೆ ಎಂದು ಆಗ ನನಗೂ ತಿಳಿದಿರಲಿಲ್ಲ.

ಕಂಪನಿಯ ಆಫೀಸಿನಲ್ಲಿ ಮೀಟಿಂಗ್ ಕರೆದರು. ಪಾಲಿಕೆಯ ಎಂಜಿನಿಯರ್ ಒಬ್ಬರು, ಕೋಆರ್ಡಿನೇಟರ್, ನಾನು, ಸಂಘದ ಹೆಂಗಸರು ಗೋಡೆಯುದ್ದಕ್ಕೆ. ಕೋಆರ್ಡಿನೇಟರ್ ಬಹಳ ಪೊಲೈಟ್ ಆಗಿ ಶುರುಮಾಡಿದ. ಖಾಲಿ ಡಬ್ಬಿಗೆ ಮಾತ್ರ ಮೊಳೆ ಹೊಡೆಯಿರಿ ಎಂದು ಹೇಳಲಾಗಿತ್ತು, ಆಕೆ ಖಾಲಿ ಇಲ್ಲದ್ದಕ್ಕೆ ಹೊಡೆದಳು, ಇದು ಕಾರ್ಮಿಕಳ ಅಜಾಗರೂಕತೆ, ಇನ್ನು ಆಕೆಯನ್ನು ಮುಂದುವರಿಸುವುದು ಕಷ್ಟ.

ನಾನು ಬ್ಯಾಗಿನಿಂದ ಎರಡು ಬಣ್ಣದ ಡಬ್ಬಿ ತೆಗೆದು ಅವನ ಗಾಜಿನ ಮೇಜಿನ ಮೇಲೆ ಇಟ್ಟೆ. ಎರಡರದೂ ಬಟನ್ ಕಟ್ಟಿಕೊಂಡಿತ್ತು.

“ಯಾವುದು ಖಾಲಿ, ನೀವು ಹೇಳಿ.”

“ಮೇಡಂ, ಇದೆಲ್ಲ ಯಾಕೆ ಈಗ...”

“ಹೇಳಿ. ನೀವು ಎಂಜಿನಿಯರ್.”

ಅವನು ಒಂದನ್ನು ಎತ್ತಿಕೊಂಡ. ಬಟನ್ ಒತ್ತಿದ, ಏನೂ ಇಲ್ಲ. ಮೂಸಿದ, ಏನೂ ಇಲ್ಲ. ಆಮೇಲೆ, ಯಾರೂ ಹೇಳಿಕೊಡದೆ, ಅದನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದ. ಗೋಡೆಯ ಬಳಿ ಕೂತ ಹೆಂಗಸರಲ್ಲಿ ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನೂ ನಮ್ಮೂರ ಕಡೆಯವನೇ. ಅವನ ಮನೆಯ ಅಟ್ಟದ ಮೇಲೂ ಕಾಯಿ ಒಣಗಿರಬೇಕು.

“ಖಾಲಿ,” ಎಂದ.

“ಒಳ್ಳೇದು,” ಎಂದು ನಾನು ಬ್ಯಾಗಿನಿಂದ ಮೊಳೆ, ಸುತ್ತಿಗೆ ತೆಗೆದು ಮುಂದಿಟ್ಟೆ. “ಹೊಡೀರಿ.”

ಅವನು ಡಬ್ಬಿಯನ್ನು ಕೆಳಗಿಟ್ಟ. ಎಷ್ಟು ಮೆಲ್ಲಗೆ ಇಟ್ಟನೆಂದರೆ ಗಾಜಿನ ಮೇಲೆ ಸದ್ದೇ ಆಗಲಿಲ್ಲ. ಪಾಲಿಕೆಯ ಎಂಜಿನಿಯರ್ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

“ಅದರಲ್ಲಿ ಗ್ಯಾಸ್ ಇದೆಯಾ ಮೇಡಂ?”

“ನನಗೂ ಗೊತ್ತಿಲ್ಲ ಸರ್. ಯಾರಿಗೂ ಗೊತ್ತಾಗುವುದಿಲ್ಲ,” ಎಂದು ಕೋಆರ್ಡಿನೇಟರ್ ಕಡೆ ತಿರುಗಿದೆ. “ಗೊತ್ತಾಗದ್ದನ್ನು ಗೊತ್ತು ಎಂದುಕೊಂಡು ನೀವು ಅವಳ ಕೈಗೆ ಮೊಳೆ ಕೊಟ್ಟಿರಿ. ಈಗ ಅವಳದೇ ತಪ್ಪು ಎನ್ನುತ್ತೀರಿ.”

ನನ್ನ ದನಿ ಏರಿತ್ತು. ಏರಲಿ. ಕ್ಲಾಸಿನಲ್ಲಿ ಎಂದೂ ಏರಿಸದೆ ಉಳಿಸಿಟ್ಟ ದನಿ ಅದು. ಮೊಳೆ ಹೊಡೆಯಲು ಫೋನ್ ಮಾಡಿದ್ದು ಯಾರು ಎಂದು ಕೇಳಿದೆ. ಕೋಆರ್ಡಿನೇಟರ್ ಫೈಲ್ ತಿರುವಿದ. ಗೋಡೆಯ ಕಡೆಯಿಂದ ಟೀ ಕಾಯಿಸುವ ಹಿರಿಯಳು ಎದ್ದು ನಿಂತಳು. “ನನ್ನ ಫೋನಿಗೇ ಬಂದಿದ್ದು ಬುಡಿ. ಸ್ಪೀಕರ್ ಹಾಕಿದ್ದೆ, ಎಲ್ಲಾರೂ ಕೇಳುಸ್ಕೊಂಡವ್ರೆ. ಅವಳನ್ನ ತೆಗುದ್ರೆ ನಮ್ಮೆಲ್ಲಾರ ಕೋಟೂ ಈಗ್ಲೇ ತಗೊಳಿ ಸಾಮಿ.” ಎಂದವಳೇ ತನ್ನ ಹಸಿರು ಕೋಟಿನ ಗುಂಡಿಗೆ ಕೈ ಹಾಕಿದಳು. ಉಳಿದವರೂ ಎದ್ದರು.

ತೀರ್ಮಾನ ನಾನು ಆಸ್ಪತ್ರೆಯಿಂದ ಮನೆಗೆ ನಡೆಯುವಾಗಲೇ ಮಾಡಿಕೊಂಡಿದ್ದೆ. ಹೇಳಲು ಜಾಗ ಈಗ ಸಿಕ್ಕಿತು. ಇನ್ನು ಶೆಡ್ಡಿನಲ್ಲಿ ಯಾವ ಡಬ್ಬಿಗೂ ತೂತು ಇಲ್ಲ. ಖಾಲಿ ಎಂದು ಹೇಳುವವರು ತೋರಿಸಿ ಹೇಳಬೇಕು. ಕೊಂಡವರೇ ತಮ್ಮ ಗೇಟಿನ ಮುಂದೆ, ಬಯಲಿನಲ್ಲಿ, ಕಸದ ಆಟೋ ನಿಂತಿರುವಾಗ ಡಬ್ಬಿ ತಲೆಕೆಳಗು ಮಾಡಿ ಸುಯ್ ನಿಲ್ಲುವವರೆಗೆ ಒತ್ತಬೇಕು. ಬಟನ್ ಕಟ್ಟಿಕೊಂಡದ್ದು ಬೇರೆ ಪಂಜರಕ್ಕೆ. ಆಕೆಯ ಕೆಲಸ ಆಕೆಗೇ. ಪಾಲಿಕೆಯ ಎಂಜಿನಿಯರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೊನೆಗೆ, ಒಂದು ವಾರ್ಡಿನಲ್ಲಿ ಟ್ರೈ ಮಾಡಿ ಎಂದರು. ಕೆಲಸದ ಮಾತಿಗೆ ತಲೆಯಾಡಿಸಿದರು. ಅದನ್ನೇ ನಾನು ಹೌದು ಎಂದು ತಗೊಂಡೆ.

ಮುಚ್ಚಿದ ಯಂತ್ರದೊಳಗೆ ಡಬ್ಬಿ ತೂತು ಮಾಡಿ ಗ್ಯಾಸನ್ನು ಹೀರಿಕೊಳ್ಳುವ ಒಂದು ಘಟಕ ಬೆಂಗಳೂರಿನ ದಾರಿಯಲ್ಲಿ ಇದೆಯೆಂದು ಹುಡುಕಿ ತೆಗೆದೆವು. ಎಲ್ಲ ಡಬ್ಬಿಗಳನ್ನೂ ಪಂಜರದಲ್ಲಿ ಇಡಿಯಾಗಿ ಅಲ್ಲಿಗೇ ಕಳಿಸಿದೆವು. ಇಂಥದ್ದು ಮೊದಲೇ ಇತ್ತು, ಹುಡುಕುವ ಕಷ್ಟ ಯಾರಿಗೂ ಬೇಕಿರಲಿಲ್ಲ. ಗುಬ್ಬಿಯವನು ಬೇಜಾರು ಮಾಡಿಕೊಂಡ. ಮಾಡಿಕೊಳ್ಳಲಿ.

ಕಷ್ಟವಾದದ್ದು ಗೇಟುಗಳು. ನಾನೇ ಆಟೋದ ಹಿಂದೆ ನಡೆದೆ. “ಕಸ ತಗೊಳ್ಳೋಕೂ ರೂಲ್ಸಾ?” ಎಂದರು. “ನಾವು ಟ್ಯಾಕ್ಸ್ ಕಟ್ತೀವಿ,” ಎಂದರು. ಒಬ್ಬ ಡಾಕ್ಟರ್, ಸ್ಟೆತಸ್ಕೋಪ್ ಕೊರಳಲ್ಲಿ ಇದ್ದ ಹಾಗೇ ಬಂದು, “ಇದರಿಂದ ನನ್ನ ಕೈಗೆ ಏನಾದ್ರೂ ಆದ್ರೆ?” ಎಂದು ಕೇಳಿದರು. ಡಬ್ಬಿಯನ್ನು ಅವರ ಕೈಯಲ್ಲೇ ಬಿಟ್ಟು ಮುಂದಿನ ಗೇಟಿಗೆ ನಡೆದೆ. ಇನ್ನೊಂದು ಗೇಟಿನಲ್ಲಿ ನನ್ನ ಹಳೆಯ ಸ್ಟೂಡೆಂಟ್. “ಮಿಸ್, ನೀವಾ? ಕಸದ ಗಾಡೀಲಾ?” ಎಂದು ಕಣ್ಣರಳಿಸಿ, ಡಬ್ಬಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. “ಒತ್ತು ಮಗೂ, ಗೇಟ್ ಲ್ಯಾಂಪಿಂದ ದೂರ,” ಎಂದೆ. ಒತ್ತಿದಳು. ಸುಯ್ ಎನ್ನುವುದು ನಿಲ್ಲಲೇ ಇಲ್ಲ. “ಖಾಲಿ ಅನ್ಕೊಂಡಿದ್ದೆ ಮಿಸ್,” ಎಂದಳು, ಮುಖ ಕೆಂಪು ಮಾಡಿಕೊಂಡು.

ಆಕೆ ವಾಪಸ್ ಬಂದಾಗ ಕೈಗಳ ಮೇಲೆ ಹೊಸ ಚರ್ಮ ಬಿಗಿದುಕೊಂಡಿತ್ತು. ಬೆರಳು ಪೂರ್ತಿ ಮಡಿಸಲು ಬರುತ್ತಿರಲಿಲ್ಲ. ವಿಂಗಡಣೆಗೆ ಕೈ ಬೇಕು, ಏನು ಮಾಡೋದು ಮೇಡಂ ಎಂದು ಕೋಆರ್ಡಿನೇಟರ್ ಮತ್ತೆ ರಾಗ ತೆಗೆದ. ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದಳು: “ಗೇಟಿಗೆ ನಾನು ಹೋಗ್ತೀನಿ. ಒತ್ಸಕ್ಕೆ ಬಾಯಿ ಸಾಕು.”

ಗೇಟುಗಳಲ್ಲಿ ಆ ಕೈ ನೋಡಿದರೆ ಜನ ತೆಪ್ಪಗೆ ಒತ್ತುತ್ತಾರೆ ಎಂದು ನಾನು ಎಣಿಸಿದ್ದೆ. ಆಕೆ ತೋರಿಸಲೇ ಇಲ್ಲ. ಕೋಟಿನ ಜೇಬಿನೊಳಗೆ ಇಟ್ಟುಕೊಂಡು ನಿಲ್ಲುತ್ತಿದ್ದಳು.

“ಕೈ ತೋರ್ಸಿ ಕೇಳುದ್ರೆ ಭಿಕ್ಷೆ ಆಯ್ತದೆ ಟೀಚರಮ್ಮ,” ಎಂದಳು ಒಮ್ಮೆ. “ನಾನು ಕೇಳ್ತಿರೋದು ಅವ್ರು ಮಾಡ್ಬೇಕಾದ ಕೆಲ್ಸ.”

ಮುಂದೆ ಕುಣಿಗಲ್ಲಿನಲ್ಲೂ ಒಣ ಕಸದ ಶೆಡ್ಡು ಶುರುವಾಯಿತು. ಕೊತ್ತಗೆರೆಗೆ ಹತ್ತಿರ ಎಂದು ಆಕೆ ಅಲ್ಲಿಗೆ ಹೋದಳು. ಮಂಡಿ ನೋವು ಹೆಚ್ಚಾಗಿ ನಾನೂ ಶೆಡ್ಡು ಬಿಟ್ಟೆ. ಆಮೇಲೆ ಆಕೆಯನ್ನು ನೋಡಿದ್ದು ಒಂದೇ ಸಲ. ಕುಣಿಗಲ್ಲಿನಲ್ಲಿ ಒಂದು ನಾಮಕರಣ ಮುಗಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದೆ. ಅಡ್ಡರಸ್ತೆಯಲ್ಲಿ ಕಸದ ಆಟೋ ನಿಂತಿತ್ತು. ದೊಡ್ಡ ಗೇಟು, ಟ್ರ್ಯಾಕ್ ಪ್ಯಾಂಟ್ ಹಾಕಿದ ಯಜಮಾನರೊಬ್ಬರು ರೂಮ್ ಫ್ರೆಶ್ನರ್ ಡಬ್ಬಿಯನ್ನು ಆಕೆಯ ಕಡೆ ಚಾಚಿದ್ದರು. ಆಕೆ ತಗೊಳ್ಳುತ್ತಿರಲಿಲ್ಲ. ಇಸ್ತ್ರಿ ಮಾಡಿದ ಕೋಟು, ಕೈ ಜೇಬಿನೊಳಗೆ.

“ಖಾಲಿ ಕಣಮ್ಮ, ತಗೊಂಡೋಗು.”

“ಖಾಲಿ ಆಗಿದ್ರೆ ಒತ್ತಿ ಸಾರ್, ಸದ್ದೇ ಬರಕ್ಕಿಲ್ಲ.”

“ಲೇಟಾಗ್ತಿದೆ ನನಗೆ.”

“ಆಗ್ಲಿ ಸಾರ್. ನಾವು ನಿಂತಿರ್ತೀವಿ.”

ಆಟೋ ಡ್ರೈವರ್ ಎಂಜಿನ್ ಆಫ್ ಮಾಡಿದ. ಯಜಮಾನರು ಬೀದಿಯ ಎರಡೂ ಕಡೆ ನೋಡಿದರು, ಯಾರಾದರೂ ಪರಿಚಯದವರು ಇದ್ದಾರೇನೋ ಎಂದು. ಆಮೇಲೆ ಡಬ್ಬಿಯನ್ನು ತಲೆಕೆಳಗು ಮಾಡಿ, ತೋಳು ಉದ್ದಕ್ಕೆ ಚಾಚಿ, ಮುಖವನ್ನು ಅತ್ತ ತಿರುಗಿಸಿ ಒತ್ತಿದರು. ಸುಯ್ ಎಂದು ಶುರುವಾಯಿತು. ನಾನು ಹತ್ತಿರ ಹೋಗಿ ಆಕೆಯ ಹೆಸರು ಹಿಡಿದು ಕರೆದೆ. ದನಿ ಗುರುತು ಸಿಕ್ಕಿ ಆಕೆಯ ಕೆನ್ನೆಯಲ್ಲಿ ನಗು ಬಂತು, ಕಣ್ಣು ಮಾತ್ರ ಡಬ್ಬಿಯ ಮೇಲಿಂದ ಅಲುಗಲಿಲ್ಲ.

“ಬಂದೆ ಟೀಚರಮ್ಮ, ಒಂದು ಗಳಿಗೆ ನಿಂತ್ಕಳಿ,” ಎಂದಳು. “ಸಾರ್‌ದು ಇನ್ನೂ ಮುಗುದಿಲ್ಲ.”